ಊಟ ಕಮ್ಮಿ ಮಾಡಿದರೂ ತೂಕ ಯಾಕೆ ಇಳಿಯುತ್ತಿಲ್ಲ?

"ನಾನು ತಿನ್ನೋದೇ ಇಷ್ಟು. ಆದ್ರೂ ತೂಕ ಇಳೀತಿಲ್ಲ. ಇನ್ನೇನು ಉಪವಾಸ ಕೂರ್ಲಾ?"

ಅತ್ತಿಗೆ ಹೀಗೆ ಕೇಳಿದಾಗ ಅವರ ಗಂಟಲು ಕಟ್ಟಿತ್ತು. ನಾಲ್ಕು ತಿಂಗಳಿಂದ ಮಧ್ಯಾಹ್ನ ಒಂದೇ ಬಟ್ಟಲು ಅನ್ನ. ರಾತ್ರಿ ಅನ್ನ ಮುಟ್ಟುವುದೇ ಇಲ್ಲ, ಬರೀ ಚಪಾತಿ. ಬೆಳಿಗ್ಗೆ ಪಾರ್ಕಿನಲ್ಲಿ ಅರ್ಧ ಗಂಟೆ ವಾಕಿಂಗ್. ಶನಿವಾರ ಒಪ್ಪತ್ತು. ಇಷ್ಟೆಲ್ಲ ಮಾಡಿದರೂ ತೂಕ 74 ಕೆಜಿಯಿಂದ ಅಲ್ಲಾಡಿರಲಿಲ್ಲ. "ಯಾರಿಗೂ ಕಾಣದ ಹಾಗೆ ತಿಂತಾಳೇನೋ" ಅಂತ ನೆಂಟರೊಬ್ಬರು ಅಂದುಬಿಟ್ಟಿದ್ದರು. ಆ ಮಾತು ಅವರಿಗೆ ತುಂಬಾ ಚುಚ್ಚಿತ್ತು.

ಅತ್ತಿಗೆ ಸುಳ್ಳು ಹೇಳುವವರಲ್ಲ, ನನಗೆ ಗೊತ್ತು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಅವರ ಜೊತೆಗೇ ಇದ್ದೆ. ಬಾಯಿಗೆ ಹೋದದ್ದನ್ನೆಲ್ಲ ಇಬ್ಬರೂ ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ತಟ್ಟೆ ಹಾಕಿಕೊಂಡು, ಕೂತು ತಿಂದದ್ದು ನಿಜಕ್ಕೂ ಕಮ್ಮಿಯೇ ಇತ್ತು. ಮೂರು ಹೊತ್ತಿನದು ಸೇರಿ ಸುಮಾರು 1,100 ಕ್ಯಾಲೊರಿ. ಪುಟ ತುಂಬಿದ್ದು ಮಾತ್ರ ನಾವು 'ತಿಂದೆ' ಅಂತ ಎಂದೂ ಹೇಳದ ಸಣ್ಣಪುಟ್ಟದ್ದರಿಂದ.

ಇದು ಅತ್ತಿಗೆಯೊಬ್ಬರ ಪಾಡಲ್ಲ. 1992ರಲ್ಲಿ ಅಮೆರಿಕದ ಸಂಶೋಧಕರು ಇಂಥವರನ್ನೇ ಕರೆದು ಪರೀಕ್ಷೆ ಮಾಡಿದ್ದರು. "ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುವುದಿಲ್ಲ" ಎನ್ನುತ್ತಿದ್ದವರು ಅವರು. ದಿನಕ್ಕೆ ಸುಮಾರು 1,000 ಕ್ಯಾಲೊರಿ ತಿನ್ನುತ್ತೇವೆ ಅಂತ ಬರೆದುಕೊಟ್ಟರು. ದೇಹ ಖರ್ಚು ಮಾಡುವ ಶಕ್ತಿಯನ್ನು ಅಳೆದು ನೋಡಿದಾಗ ನಿಜವಾಗಿ ತಿಂದದ್ದು ಸುಮಾರು 2,000 ಇತ್ತು. ಅವರ ದೇಹದ ಕೆಲಸದಲ್ಲಿ ಏನೂ ಕೊರತೆ ಇರಲಿಲ್ಲ. ಮಾಡಿದ ಓಡಾಟವನ್ನೂ ಅರ್ಧದಷ್ಟು ಹೆಚ್ಚಿಗೆ ಹೇಳಿದ್ದರು. ಈ ಅಧ್ಯಯನ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂತು. ಇದನ್ನು ಓದಿದಾಗ ನನಗೆ ಸಮಾಧಾನವೇ ಆಯಿತು. ಬೇಕಂತ ಯಾರೂ ಸುಳ್ಳು ಹೇಳುವುದಿಲ್ಲ. ನಮ್ಮ ನೆನಪು ಇರುವುದೇ ಹಾಗೆ. ಊಟ ನೆನಪಿರುತ್ತದೆ, ನಿಂತು ಬಾಯಿಗೆ ಹಾಕಿಕೊಂಡದ್ದು ನೆನಪಿರುವುದಿಲ್ಲ.

ಆ ಭಾನುವಾರದ ಪುಟದಲ್ಲಿ ಏನಿತ್ತು ಅಂತ ಹೇಳುತ್ತೇನೆ.

ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಕಾಫಿ. ಹತ್ತೂವರೆಗೆ ಇನ್ನೊಂದು. ಪಕ್ಕದ ಮನೆಯವರು ಬಂದರು, ಅವರಿಗೆ ಮಾಡಿದಾಗ ತಮಗೂ ಒಂದು. ಸಂಜೆ ಮತ್ತೊಂದು. ಒಂದು ಲೋಟಕ್ಕೆ 80 ಎಂಎಲ್ ಹಾಲು, ಎರಡು ಚಮಚ ಸಕ್ಕರೆ ಅಂತ ಹಿಡಿದರೆ ಸುಮಾರು 80 ಕ್ಯಾಲೊರಿ. ನಾಲ್ಕು ಲೋಟಕ್ಕೆ 320. ಜೊತೆಗೆ ಎರಡು ಸಲ ಎರಡೆರಡು ಬಿಸ್ಕತ್ತು, ಅದು 100. ಮಗ ಬಿಟ್ಟು ಎದ್ದ ಅರ್ಧ ದೋಸೆ. ಅನ್ನ ಚೆಲ್ಲಬಾರದು ಅಂತ ಬೆಳೆದವರು ಅತ್ತಿಗೆ, ಅದನ್ನು ಎಸೆಯುವುದಾದರೂ ಹೇಗೆ? ಅದು 80. ಮಧ್ಯಾಹ್ನ ಡಬ್ಬದ ಮುಚ್ಚಳ ತೆಗೆದು ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. 30 ಗ್ರಾಂಗೇ 170. ಸಂಜೆ ಒಂದು ನಿಪ್ಪಟ್ಟು, ಹೆಚ್ಚುಕಡಿಮೆ 100. ಸಾರಿಗೆ ಉಪ್ಪು ನೋಡಿದ್ದು, ಹಪ್ಪಳದ ಚೂರು, ಇವನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಕೂಡಿಸಿದರೆ 770. ಅವರ ಎರಡು ಹೊತ್ತಿನ ಊಟಕ್ಕೆ ಸಮ.

ಅತ್ತಿಗೆಯ ವಯಸ್ಸು, ಎತ್ತರ, ಓಡಾಟ ನೋಡಿದರೆ ಅವರ ದೇಹಕ್ಕೆ ದಿನಕ್ಕೆ ಸುಮಾರು 1,800 ಕ್ಯಾಲೊರಿ ಬೇಕು. ಊಟದಿಂದ 1,100, ನಡುವಿನದ್ದರಿಂದ 770. ಬರುವುದೂ ಹೋಗುವುದೂ ಹತ್ತಿರ ಹತ್ತಿರ ಒಂದೇ ಆಯಿತಲ್ವಾ? ತೂಕ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ನಾಲ್ಕು ತಿಂಗಳು ಅವರು ಅನ್ನ ಬಿಟ್ಟು ಪಟ್ಟ ಕಷ್ಟವನ್ನೆಲ್ಲ ಕಾಫಿ ಲೋಟ, ಡಬ್ಬದ ಬೀಜ ಸರಿದೂಗಿಸುತ್ತಿದ್ದವು.

ಸಕ್ಕರೆಯ ವಿಷಯ ಸ್ವಲ್ಪ ನಿಲ್ಲಿಸಿ ಹೇಳಬೇಕು. ಮೇಲಿನಿಂದ ಹಾಕಿಕೊಳ್ಳುವ ಸಕ್ಕರೆ ನಮ್ಮ ಒಟ್ಟು ಆಹಾರದ ಶಕ್ತಿಯಲ್ಲಿ 10%ಗಿಂತ ಕಮ್ಮಿ ಇರಬೇಕು, 5%ಗೆ ಇಳಿಸಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2,000 ಕ್ಯಾಲೊರಿ ತಿನ್ನುವವರಿಗೆ 5% ಅಂದರೆ 25 ಗ್ರಾಂ. ನಾಲ್ಕು ಲೋಟ ಕಾಫಿಯ ಎಂಟು ಚಮಚದಲ್ಲೇ 32ರಿಂದ 40 ಗ್ರಾಂ ಆಗಿಹೋಗುತ್ತದೆ. "ನಾನು ಸಕ್ಕರೆ ಬಿಟ್ಟೆ, ಈಗ ಬೆಲ್ಲ" ಅನ್ನುವವರು ಬಹಳ ಜನ ಇದ್ದಾರೆ. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ ಹಾಕಿ ಕುಡಿಯುವವರೂ ಇದ್ದಾರೆ. ರುಚಿಗೆ ಕುಡಿಯಲಿ, ಅಡ್ಡಿಯಿಲ್ಲ. ಆದರೆ ತೂಕದ ಲೆಕ್ಕದಲ್ಲಿ ಬೆಲ್ಲ, ಜೇನು, ಸಕ್ಕರೆ ಮೂರೂ ಒಂದೇ ಮನೆಯವು. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲೊರಿ ಇದೆ. ಅದು ಕೊಬ್ಬು ಕರಗಿಸುವುದಿಲ್ಲ.

ಕಾಫಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಮ್ಮಲ್ಲಿ ಬೈಟು ಅನ್ನುವ ಒಳ್ಳೆ ಪದ್ಧತಿಯೇ ಇದೆಯಲ್ಲ. ಹೋಟೆಲಿನಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು ಕುಡಿಯುತ್ತೇವೆ, ಮನಸ್ಸೂ ತುಂಬುತ್ತದೆ. ಮನೆಯಲ್ಲೂ ಹಾಗೇ ಮಾಡಬಹುದು. ಅತ್ತಿಗೆ ದೊಡ್ಡ ಲೋಟ ತೆಗೆದಿಟ್ಟು ಸಣ್ಣ ಲೋಟ ಹಿಡಿದರು. ಎರಡು ಚಮಚ ಇದ್ದದ್ದನ್ನು ಮೊದಲು ಒಂದೂವರೆ ಮಾಡಿದರು, ಆಮೇಲೆ ಒಂದು. ಹದಿನೈದು ದಿನ ಸಪ್ಪೆ ಅನ್ನಿಸಿತಂತೆ. ಈಗ ಬೇರೆಯವರ ಮನೆ ಕಾಫಿ ಪಾಯಸದ ಹಾಗಿದೆ ಅನ್ನುತ್ತಾರೆ.

ಒಗ್ಗರಣೆಯ ಲೆಕ್ಕ

ಆ ದಿನ ನನಗೆ ಅತಿ ಹೆಚ್ಚು ಆಶ್ಚರ್ಯ ತಂದದ್ದು ಹುರುಳಿಕಾಯಿ ಪಲ್ಯ.

ಅತ್ತಿಗೆ ಬಾಣಲೆ ಇಟ್ಟು ಎಣ್ಣೆ ಬಾಟಲಿ ಬಗ್ಗಿಸುವ ಮೊದಲು ನಾನು ತಡೆದೆ. "ಬಾಣಲೆಗೆ ಬೇಡ ಅತ್ತಿಗೆ, ದಿನಾ ಎಷ್ಟು ಹಾಕ್ತೀರೋ ಅಷ್ಟನ್ನೇ ಈ ಬಟ್ಟಲಿಗೆ ಹಾಕಿ" ಅಂದೆ. ಹಾಕಿದರು. ಮಕ್ಕಳ ಕೆಮ್ಮಿನ ಔಷಧಿ ಜೊತೆ ಬರುವ ಪುಟ್ಟ ಅಳತೆ ಮುಚ್ಚಳ ಮನೆಯಲ್ಲಿ ಇತ್ತು. ಅದರಲ್ಲಿ 5 ಎಂಎಲ್ ಗೆರೆ ಇರುತ್ತದೆ. ಬಟ್ಟಲಿನ ಎಣ್ಣೆಯನ್ನು ಅದರಲ್ಲಿ ತುಂಬಿ ತುಂಬಿ ಬಾಣಲೆಗೆ ಹಾಕುತ್ತಾ ಎಣಿಸಿದೆವು. ಒಂಬತ್ತು ಸಲ ಬಂತು. ಅಂದರೆ 45 ಎಂಎಲ್, ಸುಮಾರು 41 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಅಲ್ಲಿಗೆ 370.

ಅರ್ಧ ಕಿಲೋ ಹುರುಳಿಕಾಯಿಯಲ್ಲಿ ಇರುವುದೆಲ್ಲ ಸೇರಿ 150 ಕ್ಯಾಲೊರಿಯೂ ಇಲ್ಲ. ತರಕಾರಿಗಿಂತ ಅದಕ್ಕೆ ಹಾಕಿದ ಎಣ್ಣೆಯಲ್ಲೇ ಎರಡು ಪಟ್ಟು ಜಾಸ್ತಿ. ಅತ್ತಿಗೆ ಆ ಮುಚ್ಚಳವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ನೆ ನಿಂತರು. "ಇಪ್ಪತ್ತು ವರ್ಷದಿಂದ ಕಣ್ಣಳತೆಯಲ್ಲೇ ಹಾಕ್ತಿದ್ದೀನಿ" ಅಂದರು.

ಎಣ್ಣೆ ಯಾಕೆ ಇಷ್ಟು ತೂಗುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. ಅಕ್ಕಿ, ಗೋಧಿಯ ಪಿಷ್ಟಕ್ಕೂ ಬೇಳೆಯ ಪ್ರೋಟೀನಿಗೂ ಗ್ರಾಂಗೆ 4 ಕ್ಯಾಲೊರಿ. ಕೊಬ್ಬಿಗೆ ಅದರ ಎರಡು ಪಟ್ಟಿಗೂ ಮೀರಿ 9. ಮೇಲಾಗಿ ಎಣ್ಣೆ ಹೊಟ್ಟೆಯಲ್ಲಿ ಜಾಗ ಹಿಡಿಯುವುದಿಲ್ಲ. ಒಂದು ಬಟ್ಟಲು ಅನ್ನ ಕಮ್ಮಿ ತಿಂದರೆ ಹಸಿವು ಗೊತ್ತಾಗುತ್ತದೆ. ನಾಲ್ಕು ಚಮಚ ಎಣ್ಣೆ ಕಮ್ಮಿಯಾದರೆ ಹೊಟ್ಟೆಗೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಹಸಿವು ತಡೆದುಕೊಳ್ಳದೆ ಕಮ್ಮಿ ಮಾಡಬಹುದಾದ ಪದಾರ್ಥ ಅಡುಗೆಮನೆಯಲ್ಲಿ ಇದೊಂದೇ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ಎಣ್ಣೆಯಿಂದ ಅಂತಲೇ ಹೇಳುತ್ತೇನೆ. ಸಾಸಿವೆ ಸಿಡಿಯಲು ಎರಡು ಚಮಚ ಸಾಕು. ಪಲ್ಯಕ್ಕೆ ಸ್ವಲ್ಪ ನೀರು ಚಿಮುಕಿಸಿ, ತಟ್ಟೆ ಮುಚ್ಚಿ ಬೇಯಿಸಿದರೆ ತಳ ಹಿಡಿಯುವುದಿಲ್ಲ. ತೆಂಗಿನತುರಿಯನ್ನು ಬಿಡಬೇಕಾಗಿಲ್ಲ. ಆದರೆ 100 ಗ್ರಾಂ ತುರಿಯಲ್ಲಿ 350ಕ್ಕೂ ಹೆಚ್ಚು ಕ್ಯಾಲೊರಿ ಇದೆ ಅನ್ನುವುದು ತಲೆಯಲ್ಲಿದ್ದರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ನಿಮ್ಮ ಮನೆಯ ಲೆಕ್ಕ ತಿಳಿಯುವುದು ಸುಲಭ. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ, 8,000 ಕ್ಯಾಲೊರಿಗೂ ಜಾಸ್ತಿ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಎಷ್ಟು ದಿನಕ್ಕೆ ಖಾಲಿಯಾಗುತ್ತದೆ, ಮನೆಯಲ್ಲಿ ಎಷ್ಟು ಜನ ಅಂತ ಭಾಗಿಸಿದರೆ ಸಾಕು. ಅತ್ತಿಗೆ ಮನೆಯಲ್ಲಿ ನಾಲ್ಕು ಜನ. ಒಂದು ಲೀಟರ್ ಎಂಟು ದಿನಕ್ಕೆ ಮುಗಿಯುತ್ತಿತ್ತು. ತಲೆಗೆ ದಿನಕ್ಕೆ 28 ಗ್ರಾಂ, ಅಂದರೆ 250 ಕ್ಯಾಲೊರಿ.

ಅನ್ನ ಬಿಟ್ಟ ಮಾತ್ರಕ್ಕೆ

ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನುವುದು ಈಗ ಮನೆಮನೆಯ ಪದ್ಧತಿ. ಡಯಟ್ ಅಂದರೆ ಇದೇ ಅನ್ನುವ ಹಾಗಾಗಿದೆ. ಆದರೆ ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 356 ಕ್ಯಾಲೊರಿ ಇದ್ದರೆ ಗೋಧಿಹಿಟ್ಟಿನಲ್ಲಿ 320, ರಾಗಿಯಲ್ಲಿ 321. ಇವು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪಟ್ಟಿಯ ಅಂಕಿಗಳು. ಹತ್ತು ಪರ್ಸೆಂಟಿನ ವ್ಯತ್ಯಾಸ ಅಷ್ಟೇ. 30 ಗ್ರಾಂ ಹಿಟ್ಟಿನ ಒಂದು ಚಪಾತಿಗೆ ಸುಮಾರು 100 ಕ್ಯಾಲೊರಿ. ಮೆತ್ತಗಿರಲಿ ಅಂತ ಎರಡೂ ಕಡೆ ಒಂದು ಚಮಚ ಎಣ್ಣೆ ಸವರಿದರೆ 140. ಮೂರು ತಿಂದರೆ 420. ಅದೇ ಹೊತ್ತಿಗೆ ಒಂದು ಬಟ್ಟಲು ಅನ್ನ, ಸಾರು, ಸೊಪ್ಪಿನ ಪಲ್ಯ ತಿಂದಿದ್ದರೆ ಅದಕ್ಕಿಂತ ಕಮ್ಮಿಯಲ್ಲೇ ಮುಗಿಯುತ್ತಿತ್ತು. ಎಣ್ಣೆ ಸವರದ ಫುಲ್ಕಾ ಆದರೆ ಮಾತು ಬೇರೆ.

ರಾಗಿಗೆ ಒಂದು ದೊಡ್ಡ ಗುಣ ಇದೆ. ನಾರು. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರಿದ್ದರೆ ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಮ್ಮಿ. ಹಾಗಾಗಿ ಮುದ್ದೆ ತಿಂದರೆ ಹೊಟ್ಟೆ ತಡೆಯುತ್ತದೆ. ಆ ಗುಣ ಸಿಗಬೇಕಾದರೆ ಅನ್ನದ ಬದಲು ಮುದ್ದೆ ತಿನ್ನಬೇಕು. ಮುದ್ದೆ ಮುಗಿಸಿ ಆಮೇಲೆ ಅನ್ನವನ್ನೂ ಬಡಿಸಿಕೊಂಡರೆ ಎರಡೂ ಸೇರುತ್ತದೆ.

ಒಪ್ಪತ್ತಿನ ವಿಷಯವೂ ಹೀಗೇ. ದೇವರ ಮೇಲಿನ ಭಕ್ತಿಗೆ ಮಾಡುವುದನ್ನು ನಾನು ತೂಕದ ತಕ್ಕಡಿಯಲ್ಲಿ ಇಡುವುದಿಲ್ಲ. ಆದರೆ ಶನಿವಾರ ಅನ್ನ ಬಿಟ್ಟ ಅತ್ತಿಗೆಯ ತಟ್ಟೆಯಲ್ಲಿ ರಾತ್ರಿ ಇದ್ದದ್ದು ಎಣ್ಣೆ ಮುಂದಾಗಿ ಮಾಡಿದ ಉಪ್ಪಿಟ್ಟು, ಬೆಲ್ಲ ಕಾಯಿ ಹಾಕಿದ ಅವಲಕ್ಕಿ, ಬಾಳೆಹಣ್ಣಿನ ರಸಾಯನ. ಕೆಲವರ ಮನೆಯಲ್ಲಿ ಸಬ್ಬಕ್ಕಿ. ಸಬ್ಬಕ್ಕಿ ಅಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ಅನ್ನ ಇಲ್ಲ ಅನ್ನುವುದೊಂದೇ ಬಿಟ್ಟರೆ ಫಲಾಹಾರದ ಆ ತಟ್ಟೆ ಊಟಕ್ಕಿಂತ ಹಗುರವಾಗಿರಲಿಲ್ಲ.

ಬೆಳಿಗ್ಗೆಯ ತಿಂಡಿಯಲ್ಲಿ ಬೇಳೆಕಾಳು ತೀರ ಕಮ್ಮಿ ಇರುವುದು ಇನ್ನೊಂದು ತೊಂದರೆ. ಎಂಟಕ್ಕೆ ಉಪ್ಪಿಟ್ಟು ತಿಂದವರಿಗೆ ಹನ್ನೊಂದಕ್ಕೆ ಬಿಸ್ಕತ್ತು ಡಬ್ಬ ನೆನಪಾಗುತ್ತದೆ. ಪ್ರೋಟೀನ್ ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಜೊತೆಗೊಂದು ಬಟ್ಟಲು ಹೆಸರುಕಾಳಿನ ಉಸ್ಲಿ, ಕೋಸಂಬರಿ, ತಿನ್ನುವವರಿಗೆ ಮೊಟ್ಟೆ ಇದ್ದರೆ ಆ ಹನ್ನೊಂದು ಗಂಟೆಯ ಕೈ ತಾನಾಗಿ ನಿಲ್ಲುತ್ತದೆ.

ಪ್ಯಾಕೆಟ್ ತಿಂಡಿಯ ಬಗ್ಗೆ ಒಂದು ಅಧ್ಯಯನ ಹೇಳಲೇಬೇಕು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರನ್ನು ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ಆಹಾರ ಕೊಟ್ಟಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಬೇಗ ಬೇಗನೂ ತಿಂದರು. ಟಿವಿ ಮುಂದೆ ಚಿಪ್ಸ್ ಪ್ಯಾಕೆಟ್ ಹಿಡಿದು ಕೂತಾಗ ನಮಗೆ ಆಗುವುದೂ ಇದೇ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ತಲೆಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಅಷ್ಟರಲ್ಲಿ ಪ್ಯಾಕೆಟ್ ಖಾಲಿ.

ನಡೆದದ್ದೆಷ್ಟು, ಕೂತದ್ದೆಷ್ಟು

65 ಕೆಜಿ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ 130 ಕ್ಯಾಲೊರಿಯಷ್ಟು ಖರ್ಚಾಗುತ್ತದೆ. ಹೆಚ್ಚುಕಡಿಮೆ ಒಂದು ಉದ್ದಿನವಡೆ. ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಒಂದು ಸುತ್ತು ಮುಗಿಸಿ, ಗೆಳೆಯರ ಜೊತೆ ದರ್ಶಿನಿಗೆ ಹೋಗಿ ಮಸಾಲೆ ದೋಸೆ ತಿಂದು ಬರುವವರು ನಡೆದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ತುಂಬಿಸಿಕೊಂಡು ಬರುತ್ತಾರೆ. ಹಾಗಂತ ವಾಕಿಂಗ್ ದಂಡ ಅಂತಲ್ಲ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಬೇಕೇ ಬೇಕು. ಆದರೆ "ಇವತ್ತು ನಡೆದಿದ್ದೀನಲ್ಲ" ಅಂತ ತಿನ್ನಲು ರಜೆ ಕೊಟ್ಟುಕೊಳ್ಳಬಾರದು.

ಉಳಿದ ಇಪ್ಪತ್ತಮೂರೂವರೆ ಗಂಟೆ ಏನು ಮಾಡುತ್ತೇವೆ ಅನ್ನುವುದು ಅಷ್ಟೇ ಮುಖ್ಯ. ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ ಜೇಮ್ಸ್ ಲೆವಿನ್ ಮತ್ತವರ ತಂಡ 2005ರಲ್ಲಿ ತೆಳ್ಳಗಿನವರು, ದಪ್ಪಗಿನವರು ಇಬ್ಬರ ಓಡಾಟವನ್ನೂ ಅಳೆದರು. ದಪ್ಪಗಿನವರು ದಿನಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಜಾಸ್ತಿ ಕೂತಿರುತ್ತಿದ್ದರು. ಅವರೂ ತೆಳ್ಳಗಿನವರಷ್ಟೇ ಎದ್ದು ಓಡಾಡಿದ್ದರೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಖರ್ಚಾಗುತ್ತಿತ್ತು. ಅದಕ್ಕೆ ಜಿಮ್ ಬೇಕಿಲ್ಲ. ಫೋನ್ ಬಂದಾಗ ನಡೆಯುತ್ತಾ ಮಾತಾಡುವುದು, ಸೊಪ್ಪಿಗೆ ಸ್ಕೂಟರ್ ಬಿಟ್ಟು ನಡೆದೇ ಹೋಗುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು, ನೆಲ ಒರೆಸುವುದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

"ವಯಸ್ಸಾಯ್ತು, ಮೈ ಕರಗಲ್ಲ" ಅನ್ನುವ ಮಾತನ್ನೂ ಸ್ವಲ್ಪ ಬದಿಗಿಡೋಣ. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿ ಬಂತು. ದೇಹದ ಗಾತ್ರವನ್ನು ಲೆಕ್ಕ ಹಿಡಿದು ನೋಡಿದರೆ 20ರಿಂದ 60 ವರ್ಷದವರೆಗೆ ದೇಹ ಶಕ್ತಿ ಖರ್ಚು ಮಾಡುವ ಪ್ರಮಾಣ ಬಹುಮಟ್ಟಿಗೆ ಒಂದೇ ಇರುತ್ತದೆ. 45ಕ್ಕೆ ಏನೋ ನಿಂತುಹೋಗುತ್ತದೆ ಅನ್ನುವುದು ನಿಜವಲ್ಲ. ನನಗಂತೂ ಇದು ಧೈರ್ಯ ಕೊಟ್ಟ ವಿಷಯ.

ನಿದ್ದೆಯನ್ನು ತೂಕದ ಮಾತಿನಲ್ಲಿ ಯಾರೂ ತರುವುದಿಲ್ಲ. ರಾತ್ರಿ ಹತ್ತಕ್ಕೆ ಊಟ, ಹನ್ನೆರಡೂವರೆವರೆಗೆ ಮೊಬೈಲು, ಬೆಳಿಗ್ಗೆ ಐದೂವರೆಗೆ ಡಬ್ಬಿ ಕಟ್ಟಲು ಏಳುವುದು. ಬಹಳ ಹೆಣ್ಣುಮಕ್ಕಳ ದಿನ ಹೀಗೇ ಇದೆ. ನಿದ್ದೆ ಕೆಟ್ಟ ಮರುದಿನ ಸಿಹಿ, ಕುರುಕಲು ಜಾಸ್ತಿ ಬೇಕೆನ್ನಿಸುತ್ತದೆ. 2022ರಲ್ಲಿ ಶಿಕಾಗೊದ ಸಂಶೋಧಕರು ಆರೂವರೆ ಗಂಟೆಗಿಂತ ಕಮ್ಮಿ ಮಲಗುವ, ತೂಕ ಜಾಸ್ತಿ ಇರುವ 80 ಜನರನ್ನು ತೆಗೆದುಕೊಂಡರು. ಅರ್ಧ ಜನರಿಗೆ ನಿದ್ದೆಯನ್ನು ಒಂದು ಗಂಟೆಗೂ ಸ್ವಲ್ಪ ಮೇಲೆ ಹೆಚ್ಚಿಸಿಕೊಳ್ಳಲು ಸಹಾಯ ಮಾಡಿದರು. ಊಟದ ಬಗ್ಗೆ ಏನನ್ನೂ ಹೇಳಲಿಲ್ಲ. ಮಿಕ್ಕವರಿಗೆ ಹೋಲಿಸಿದರೆ ಅವರು ದಿನಕ್ಕೆ 270 ಕ್ಯಾಲೊರಿ ಕಮ್ಮಿ ತಿಂದರು. ಸುಮ್ನೆ ಮಲಗಿದ್ದಕ್ಕೆ!

ವಾರದ ಕೊನೆಯ ಲೆಕ್ಕ ಒಂದೇ ಸಾಲಿನದು. ಐದು ದಿನ ದಿನಕ್ಕೆ 400ರಂತೆ ಉಳಿಸಿದರೆ 2,000. ಶನಿವಾರ, ಭಾನುವಾರ ದಿನಕ್ಕೆ 1,000 ಜಾಸ್ತಿಯಾದರೆ ಅದೂ 2,000. ಮದುವೆ ಕಾಲದಲ್ಲಂತೂ ಎಲೆ ಮುಂದೆ ಕೂತಾಗ "ಇನ್ನೊಂದು ಹೋಳಿಗೆ, ತುಪ್ಪ ಹಾಕ್ತೀನಿ ಇರಿ" ಅನ್ನುವವರ ಪ್ರೀತಿಗೆ ಇಲ್ಲ ಅನ್ನುವುದು ಕಷ್ಟ. ಹೋಳಿಗೆ ತಿನ್ನಿ. ಅನ್ನ ಎರಡನೇ ಸಲ ಬಂದಾಗ ಕೈ ಅಡ್ಡ ಹಿಡಿಯಿರಿ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ಎರಡು ಮೂರು ತಿಂಗಳು ತೂಕ ಕದಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ಕಮ್ಮಿಯಾದರೆ ತೂಕ ಏರುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಅದರಿಂದ ಏರುವುದು 2ರಿಂದ 5 ಕೆಜಿ, ಅದರಲ್ಲೂ ಬಹುಪಾಲು ಉಪ್ಪು, ನೀರು. ಪಿಸಿಒಎಸ್ (ಹೆಣ್ಣುಮಕ್ಕಳಲ್ಲಿ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವವರಿಗೆ, ಸ್ಟೀರಾಯ್ಡ್‌ನಂಥ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ತೂಕ ಇಳಿಸುವುದು ನಿಜಕ್ಕೂ ಕಷ್ಟ. ಅಂಥವರನ್ನು "ಬಾಯಿ ಕಟ್ಟಲ್ಲ" ಅಂತ ಆಡಿಕೊಳ್ಳುವುದು ಅನ್ಯಾಯ.

ದಿನಾ ತೂಕ ನೋಡಿ ಬೇಜಾರಾಗಬೇಡಿ. ದೇಹದಲ್ಲಿ ಕೂಡಿಟ್ಟ ಒಂದು ಗ್ರಾಂ ಪಿಷ್ಟ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದ ಮರುದಿನ ಒಂದು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಮೊದಲ ವಾರ ಸರ್ರನೆ ಇಳಿಯುವುದೂ ಹೆಚ್ಚಾಗಿ ನೀರೇ. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ನೋಡಿದರೆ ಸಾಕು. ಸೊಂಟದ ಸುತ್ತಳತೆಯನ್ನೂ ನೋಡಿ. ನಮ್ಮ ಕಡೆಯವರಿಗೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ದಾಟಬಾರದು. ದೊಡ್ಡ ಗುರಿಯೂ ಬೇಡ. ಇರುವ ತೂಕದಲ್ಲಿ 5% ಇಳಿದರೂ ಬಿಪಿ, ರಕ್ತದ ಸಕ್ಕರೆ ಸುಧಾರಿಸುತ್ತವೆ. ಅತ್ತಿಗೆಗೆ ಅದು 4 ಕೆಜಿಗೂ ಕಮ್ಮಿ.

ಆ ನೋಟ್‌ಬುಕ್ ಅವರು ಈಗ ಬರೆಯುವುದಿಲ್ಲ. ಎಣ್ಣೆ ಪ್ಯಾಕೆಟ್ ಮೇಲೆ ತಾರೀಕು ಬರೆಯುವುದನ್ನು ಮಾತ್ರ ಬಿಟ್ಟಿಲ್ಲ. ಮೊನ್ನೆ ಹೋದಾಗ ಖಾಲಿ ಪ್ಯಾಕೆಟ್ ತೋರಿಸಿದರು. ಒಡೆದ ದಿನಕ್ಕೂ ಮುಗಿದ ದಿನಕ್ಕೂ ನಡುವೆ ಹನ್ನೆರಡು ದಿನ. ಸ್ಟವ್ ಮೇಲೆ ಅದೇ ಹುರುಳಿಕಾಯಿ ಪಲ್ಯ ತಟ್ಟೆ ಮುಚ್ಚಿಕೊಂಡು ಬೇಯುತ್ತಿತ್ತು. "ರುಚಿ ನೋಡು" ಅಂತ ಒಂದು ಚಮಚ ನನ್ನ ಕೈಗೆ ಹಾಕಿದರು. ತಾವು ನೋಡಲಿಲ್ಲ.